ಬೆಲೆ ಕೇಳಲು ಕಲಿಸಿದ ಸಂತೆ

ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ, ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ಶಿವಾನಂದ ವೃತ್ತದ ಕಡೆಯಿಂದ ಬೆಳಿಗ್ಗೆಯೇ ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಒಬ್ಬರ ಹೆಗಲ ಮೇಲೆ ಸುರುಳಿ ಸುತ್ತಿದ ಕ್ಯಾನ್ವಾಸು, ಇನ್ನೊಬ್ಬರ ತೋಳಿನಲ್ಲಿ ಹಳೆಯ ಹೊದಿಕೆಯಲ್ಲಿ ಸುತ್ತಿದ ಚೌಕಟ್ಟುಗಳು. ರಾತ್ರಿ ಬಸ್ಸಿಳಿದು ಮುಖ ತೊಳೆದುಕೊಂಡು ನೇರವಾಗಿ ಇಲ್ಲಿಗೇ ಬಂದ ಹುಡುಗರಿರುತ್ತಾರೆ; ಗಂಡ ಏಣಿ ಹಿಡಿದುಕೊಂಡರೆ ಹೆಂಡತಿ ದಾರ ಕಟ್ಟುವ ಕಲಾವಿದ ದಂಪತಿ ಇರುತ್ತಾರೆ. ಮರಗಳ ನೆರಳಿನಲ್ಲಿ ಮಳಿಗೆಗಳು ಸಾಲುಗಟ್ಟುತ್ತವೆ. ಒಂಬತ್ತು ಹತ್ತರ ಹೊತ್ತಿಗೆ ರಸ್ತೆಯ ಎರಡೂ ಬದಿ ಬಣ್ಣ ತುಂಬಿ, ನಡುವೆ ಜನ ತುಂಬಿ, ಮುಂದೆ ಹೋಗಬೇಕೆಂದರೂ ನಿಂತು ನೋಡಲೇಬೇಕು ಅನ್ನುವಂತಾಗುತ್ತದೆ.

ಇದೇ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಕರ್ನಾಟಕದ ಮೂಲೆ ಮೂಲೆಯಿಂದ, ಹೊರ ರಾಜ್ಯಗಳಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ತಮ್ಮ ಕೆಲಸ ತಂದು ಇಲ್ಲಿ ತಾವೇ ನಿಂತು ಮಾರುತ್ತಾರೆ. ಮೈಸೂರು ಶೈಲಿಯ ಚಿನ್ನದ ಹಾಳೆಯ ದೇವರುಗಳಿವೆ, ಮಧುಬನಿ ಇದೆ, ವಾರ್ಲಿ ಇದೆ, ಎದುರಿಗೆ ಕೂರಿಸಿಕೊಂಡು ಹತ್ತಿಪ್ಪತ್ತು ನಿಮಿಷದಲ್ಲಿ ನಿಮ್ಮ ಮುಖವನ್ನೇ ಬರೆದುಕೊಡುವವರೂ ಇದ್ದಾರೆ. ಆದರೆ ಕಣ್ಣಿಗೆ ಹೆಚ್ಚು ಬೀಳುವುದು ನಮ್ಮ ಕಾಲದ ಚಿತ್ರಗಳು: ದಪ್ಪ ದಪ್ಪ ಅಕ್ರಿಲಿಕ್ ಬಳಿದ ಊರುಗಳು, ಜಾತ್ರೆಗಳು, ಎಮ್ಮೆಗಳು, ಯಾವ ಆಕಾರಕ್ಕೂ ಸಿಗದ ಬರೀ ಬಣ್ಣದ ಹರಹುಗಳು. ನೂರು ರೂಪಾಯಿಯ ಪುಟ್ಟ ಜಲವರ್ಣದಿಂದ ಹಿಡಿದು ಲಕ್ಷಗಳವರೆಗಿನ ಕೃತಿಗಳು ಒಂದೇ ಬೀದಿಯಲ್ಲಿ, ಒಂದೇ ಬಿಸಿಲಿನಲ್ಲಿ ನಿಂತಿರುತ್ತವೆ.

ಈ ಸಂತೆ ಮಾಡಿದ ದೊಡ್ಡ ಕೆಲಸ ಯಾವುದೆಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಚಿತ್ರವೊಂದರ ಮುಂದೆ ನಿಂತು ಬೆಲೆ ಕೇಳುವುದನ್ನು ಅದು ಸಾಮಾನ್ಯ ಜನರಿಗೆ ಕಲಿಸಿತು. ಗ್ಯಾಲರಿಗಳಲ್ಲಿ ಬೆಲೆಪಟ್ಟಿ ಎಲ್ಲೋ ಮೇಜಿನ ಮೇಲೆ ಪ್ರತ್ಯೇಕವಾಗಿರುತ್ತದೆ. ಕೆಂಪು ಚುಕ್ಕೆ ಅಂಟಿಸಿದ್ದರೆ ಮಾರಾಟವಾಗಿದೆ ಎಂದು ತಿಳಿಯಬೇಕು. ಆ ಸಂಕೇತ ಗೊತ್ತಿಲ್ಲದವರು ಅದೇನೆಂದು ಕೇಳಲೂ ಹಿಂಜರಿಯುತ್ತಾರೆ. ಎಸಿಯ ತಂಪು, ನುಣುಪು ನೆಲ, ತಗ್ಗಿದ ದನಿಗಳು. ಶಾಲೆಯ ಮೇಷ್ಟ್ರಿಗೋ ಬ್ಯಾಂಕಿನ ಗುಮಾಸ್ತರಿಗೋ ಅಲ್ಲಿ ಕಾಲಿಡುವಾಗಲೇ ಇದು ನಮ್ಮಂಥವರ ಜಾಗವಲ್ಲ ಅನ್ನಿಸಿಬಿಡುತ್ತದೆ. ಸಂತೆಯಲ್ಲಿ ಹಾಗಾಗುವುದಿಲ್ಲ. "ಇದಕ್ಕೆಷ್ಟು?" ಎಂದು ಕೇಳುತ್ತಾ ಬೆಳೆದವರು ನಾವು. ಕೇಳಿ, ಉತ್ತರ ಕೇಳಿಸಿಕೊಂಡು, ಸುಮ್ಮನೆ ಮುಂದೆ ಹೋಗುವ ಸ್ವಾತಂತ್ರ್ಯವೂ ಸಂತೆಯಲ್ಲಿದೆ. ಎರಡು ಸುತ್ತು ಹಾಕಿ, ಮಸಾಲೆ ಮಂಡಕ್ಕಿ ತಿಂದು, ಮೂರನೇ ಸಲ ಅದೇ ಚಿತ್ರದ ಮುಂದೆ ಬಂದು ನಿಂತಾಗ ಕಲಾವಿದರೇ ಗುರುತು ಹಿಡಿದು ನಗುತ್ತಾರೆ. ಕೊಳ್ಳುವವರಿಗೂ ಬರೆದವರಿಗೂ ನಡುವೆ ಇನ್ನೊಬ್ಬರಿಲ್ಲ.

ಈ ಸಂತೆಯನ್ನು ನಡೆಸುವ ಪರಿಷತ್ತು 1960ರಲ್ಲಿ ಹುಟ್ಟಿತು. ಎಂ. ಆರ್ಯಮೂರ್ತಿಯವರು, ಪ್ರೊ. ಎಂ.ಎಸ್. ನಂಜುಂಡರಾವ್ ಅವರು ಅದನ್ನು ಕಟ್ಟಿ ನಿಲ್ಲಿಸಿದವರು. ನಂಜುಂಡರಾಯರು ತೊಗಲುಗೊಂಬೆಗಳನ್ನು ಊರೂರು ಅಲೆದು ಕಲೆಹಾಕಿದವರು. ಆ ಸಂಗ್ರಹ ಈಗಲೂ ಪರಿಷತ್ತಿನಲ್ಲಿದೆ. ಸಂತೆಯ ದಿನ ಹೊರಗಿನ ಗದ್ದಲದಲ್ಲಿ ಒಳಗಿನ ಗ್ಯಾಲರಿಗಳನ್ನು ಮರೆಯಬಾರದು. ನಿಕೊಲಾಯ್ ರೋರಿಕ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಕ್ ಇಬ್ಬರ ಚಿತ್ರಗಳೂ ಅಲ್ಲಿವೆ. ಸ್ವೆತೊಸ್ಲಾವ್ ಮತ್ತು ಅವರ ಪತ್ನಿ ನಟಿ ದೇವಿಕಾರಾಣಿ ಬೆಂಗಳೂರಿನ ಹೊರವಲಯದ ತಾತಗುಣಿ ತೋಟದಲ್ಲಿ ಬಾಳಿದವರು. ದಕ್ಷಿಣದ ಸಂಜೆಯ ಆಕಾಶ ಹೇಗೆ ಹೊತ್ತಿ ಉರಿಯುತ್ತದೆ ಎಂಬುದನ್ನು ಸ್ವೆತೊಸ್ಲಾವರಷ್ಟು ಧೈರ್ಯವಾಗಿ ಬಣ್ಣದಲ್ಲಿ ಹೇಳಿದವರು ಕಡಿಮೆ. ಹಾಗೆಯೇ ಕೇಜ್ರಿವಾಲ್ ಸಂಗ್ರಹ. ಎಚ್.ಕೆ. ಕೇಜ್ರಿವಾಲ್ ಬೆಂಗಳೂರಿನ ಉದ್ಯಮಿ. ಆಸೆಪಟ್ಟು ಕೊಂಡ ಚಿತ್ರಗಳನ್ನು ಪರಿಷತ್ತಿಗೆ ಕೊಟ್ಟುಬಿಟ್ಟರು. ಒಬ್ಬರ ಮನೆಯ ಗೋಡೆ ಹೀಗೆ ಊರಿನ ಗೋಡೆಯಾಯಿತು.

ಸಂತೆ ಶುರುವಾಗಿ ಎರಡು ದಶಕ ದಾಟಿದೆ. ಎಲ್ಲರಿಗೂ ಕಲೆ, ಮನೆಗೊಂದು ಕಲಾಕೃತಿ ಎಂಬುದು ಅದರ ಆಶಯ. 2021ರಲ್ಲಿ ಕೊರೋನಾ ಕಾರಣಕ್ಕೆ ಬೀದಿ ಬಿಟ್ಟು ಅಂತರ್ಜಾಲದಲ್ಲಿ ನಡೆಯಿತು. 2024ರ ಸಂತೆಯನ್ನು ಬಾಹ್ಯಾಕಾಶ ವಿಜ್ಞಾನಿಗಳಿಗೆ ಅರ್ಪಿಸಿದ್ದರು.

ಮನೆಯ ಗೋಡೆಯ ಮೇಲೆ ಬಣ್ಣ ಇಟ್ಟುಕೊಳ್ಳುವುದು ನಮಗೆ ಹೊಸದೇನಲ್ಲ. ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಸಾರಿಸಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಕಪ್ಪಗೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕುಂಚಕ್ಕೆ ಪುಂಡಿನಾರು. ಮದುವೆ ಬಂದರೆ ಹಸೆಗೋಡೆಯ ಮೇಲೆ ಚಿತ್ತಾರ ಬೇಕೇ ಬೇಕು. ಇತ್ತ ಬಯಲುಸೀಮೆಯ, ಪೇಟೆಯ ಮನೆಗಳಿಗೆ ಬಣ್ಣ ಬಂದದ್ದು ಅಚ್ಚಿನಿಂದ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ತೆರೆದ ಮೇಲೆ ಅವರ ಲಕ್ಷ್ಮಿ, ಸರಸ್ವತಿಯರು ಅರಮನೆಯಿಂದ ಇಳಿದು ಸಾಮಾನ್ಯರ ನಡುಮನೆಗೆ ಬಂದರು. ಆಮೇಲೆ ಕ್ಯಾಲೆಂಡರ್. ಕಲಬುರ್ಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಬರೆದ ರಾಧಾ-ಕೃಷ್ಣರ, ಪುರಾಣಪುರುಷರ ಹೊಳೆಯುವ ಮೈಬಣ್ಣವನ್ನು ದೇಶವೇ ತನ್ನ ಗೋಡೆಗಳ ಮೇಲೆ ನೋಡಿತು. ವರ್ಷ ಮುಗಿದರೂ ಚಿತ್ರ ಚೆನ್ನಾಗಿದೆಯೆಂದು ತಾರೀಖಿನ ಹಾಳೆ ಕತ್ತರಿಸಿ ತೆಗೆದು, ಉಳಿದದ್ದಕ್ಕೆ ಕಟ್ಟು ಹಾಕಿಸಿಟ್ಟ ಮನೆಗಳು ನಮ್ಮ ಕಡೆ ಎಷ್ಟಿಲ್ಲ! ಅದೂ ಚಿತ್ರಸಂಗ್ರಹವೇ.

ನಂತರ ಏನಾಯಿತೋ, ಗೋಡೆಗಳು ಬರಿದಾದವು. ಹೊಸ ಫ್ಲ್ಯಾಟುಗಳಲ್ಲಿ ಟಿವಿಗೆ ಜಾಗ ಮೊದಲು, ಗಡಿಯಾರಕ್ಕೆ ಆಮೇಲೆ. ಈ ಕಾಲದ ಚಿತ್ರಕಲೆಯೆಂದರೆ ಅರ್ಥವಾಗದ್ದು, ಅರ್ಥವಾದರೂ ಕೈಗೆಟುಕದ್ದು ಎಂಬ ಭಾವನೆ ಬೇರೂರಿತು. ಅದಕ್ಕೆ ನಮ್ಮ ಪತ್ರಿಕೆಗಳ ಪಾಲೂ ಇದೆ. ಚಿತ್ರಕಲೆ ಮುಖಪುಟಕ್ಕೆ ಬರುವುದು ಹರಾಜಿನ ಕೋಟಿಗಳ ಲೆಕ್ಕದಲ್ಲಿ ಮಾತ್ರ. 2025ರ ಮಾರ್ಚಿನಲ್ಲಿ ಎಂ.ಎಫ್. ಹುಸೇನರ 'ಗ್ರಾಮಯಾತ್ರೆ' ನ್ಯೂಯಾರ್ಕಿನಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ಮಾರಾಟವಾದ ಸುದ್ದಿಯನ್ನು ಎಲ್ಲರೂ ಓದಿದರು. ಆ ಚಿತ್ರದ ಹಿಂದಿನ ಬದುಕು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. 1954ರಲ್ಲಿ ದೆಹಲಿಯಲ್ಲಿ ಕೆಲಸದ ಮೇಲಿದ್ದ ವೈದ್ಯರೊಬ್ಬರು, ಹುಸೇನರು ಇನ್ನೂ ಅಷ್ಟು ಹೆಸರಾಗಿಲ್ಲದ ಕಾಲದಲ್ಲಿ, ಅದನ್ನು ಕೊಂಡು ನಾರ್ವೆಗೆ ಒಯ್ದರು. ಮುಂದೆ ಅದು ಓಸ್ಲೋದ ಆಸ್ಪತ್ರೆಗೆ ಸೇರಿ ದಶಕಗಳ ಕಾಲ ಅಲ್ಲೇ ತೂಗಿತ್ತು. ಸುಮಾರು ಹದಿನಾಲ್ಕು ಅಡಿ ಉದ್ದದ ಆ ಚಿತ್ರದಲ್ಲಿ ಹದಿಮೂರು ಪುಟ್ಟ ದೃಶ್ಯಗಳಿವೆ: ನಮ್ಮ ಹಳ್ಳಿಯ ಹೆಂಗಸರು, ಬಂಡಿ, ಹೊಲ, ಬಣ್ಣ ಬಣ್ಣದ ಬಟ್ಟೆ. ಹರಾಜಿನ ಬೆಲೆಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು, ಹಿಮದ ನಾಡಿನ ಆ ಗೋಡೆಯ ಮೇಲೆ ಅಷ್ಟು ವರ್ಷ ನಮ್ಮ ಹಳ್ಳಿಯ ಬಿಸಿಲು ಇತ್ತೆನ್ನುವ ಸಂಗತಿ.

ಸಂಗ್ರಹಕ್ಕೆ ಸಿರಿವಂತಿಕೆ ಬೇಕಿಲ್ಲ ಎಂಬುದಕ್ಕೆ ನ್ಯೂಯಾರ್ಕಿನ ಹರ್ಬರ್ಟ್ ಮತ್ತು ಡೊರೊಥಿ ವೋಗೆಲ್ ದಂಪತಿಯ ಕತೆಯನ್ನು ಮತ್ತೆ ಮತ್ತೆ ಹೇಳಬೇಕು. ಹರ್ಬರ್ಟ್ ಅಂಚೆ ಇಲಾಖೆಯ ನೌಕರ, ಡೊರೊಥಿ ಗ್ರಂಥಪಾಲಕಿ. ಡೊರೊಥಿಯವರ ಸಂಬಳದಲ್ಲಿ ಸಂಸಾರ, ಹರ್ಬರ್ಟರ ಸಂಬಳದಲ್ಲಿ ಚಿತ್ರ. ಮನೆಯೋ ಒಂದೇ ಮಲಗುವ ಕೋಣೆಯ ಅಪಾರ್ಟ್‌ಮೆಂಟು. ಕೈಗೆಟುಕುವ ಬೆಲೆ ಇರಬೇಕು, ಆ ಪುಟ್ಟ ಮನೆಯಲ್ಲಿ ಹಿಡಿಸಬೇಕು, ಇಷ್ಟೇ ಅವರ ನಿಯಮ. ಆಗ ಇನ್ನೂ ಹೆಸರು ಮಾಡದ ಕಲಾವಿದರ ಮನೆಗಳಿಗೇ ಹೋಗುತ್ತಿದ್ದರು, ಕೂತು ಮಾತಾಡುತ್ತಿದ್ದರು, ಕೊಳ್ಳುತ್ತಿದ್ದರು. ಬಚ್ಚಲಿನ ಗೋಡೆಗೂ, ಮಂಚದ ಕೆಳಗೂ ಕಲಾಕೃತಿಗಳು. ನಾಲ್ಕು ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಕೂಡಿಹಾಕಿದ ಅವರು 1992ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಕೊಡುವುದಾಗಿ ತೀರ್ಮಾನಿಸಿದರು. ಬೆಲೆ ಏರಿದ ಮೇಲೂ ಮಾರಿ ದುಡ್ಡು ಮಾಡಿಕೊಳ್ಳುವ ಯೋಚನೆ ಅವರಿಗೆ ಬರಲಿಲ್ಲ. ಅವರಿಗೆ ಒಲಿದದ್ದು ಬಹುಮಟ್ಟಿಗೆ ಬಣ್ಣ ಕಡಿಮೆಯ, ಮಿತವ್ಯಯದ ಕಲೆ. ನಮ್ಮ ಮನಸ್ಸು ಓಡುವುದು ಬೇರೆ ಕಡೆಗೆ.

ನಮ್ಮದು ಬಣ್ಣದ ನಾಡು. ಬೆಂಗಳೂರಿನ ಜೆ.ಎಂ.ಎಸ್. ಮಣಿಯವರ 'ಬಾದಾಮಿ ಜನ' ಸರಣಿಯ ಚಿತ್ರವೊಂದನ್ನು ಹತ್ತಿರದಿಂದ ನೋಡಿದವರಿಗೆ ಈ ಮಾತು ವಿವರಿಸಬೇಕಿಲ್ಲ. ಆರ್.ಎಂ. ಹಡಪದರ ಕೆನ್ ಕಲಾಶಾಲೆಯಲ್ಲಿ ಕಲಿತು ಮುಂದೆ ಅದೇ ಶಾಲೆಯ ಪ್ರಾಂಶುಪಾಲರಾದವರು ಮಣಿ. ಬಾದಾಮಿಯ ಜನ ಅವರ ಕ್ಯಾನ್ವಾಸಿಗೆ ಬಂದವರು ಅಲ್ಲೇ ನೆಲೆಸಿಬಿಟ್ಟರು. ಕಪ್ಪು ಮೈಯ ಗಂಡಸರು, ಹೆಂಗಸರು. ತಲೆಗೆ ಕೆಂಡದಂಥ ರುಮಾಲು, ಮೈಗೆ ಹಳದಿ, ಕಡುನೀಲಿ, ಹಸಿರು. ಅವರ ಮುಖದ ಕಪ್ಪು ಬರೀ ಕಪ್ಪಲ್ಲ. ಮೂಗಿನ ಅಂಚಿನಲ್ಲಿ ನೀಲಿ, ಕೆನ್ನೆಯ ಮೇಲೆ ಕಂದುಗೆಂಪು, ಕುತ್ತಿಗೆಯ ಹತ್ತಿರ ಹಸಿರಿನ ಗೆರೆ. ಕಪ್ಪು ಅಷ್ಟು ಬಣ್ಣಗಳನ್ನು ತನ್ನೊಳಗೆ ಹೊತ್ತಿರುವುದರಿಂದಲೇ ಪಕ್ಕದ ಕೆಂಪಿಗೆ ಅಷ್ಟು ಕಸುವು ಬಂದಿದೆ. ಬಿಸಿಲಿನ ಊರಿನಲ್ಲಿ ಬೆಳೆದವರು ಇದನ್ನು ನೋಡಿದೊಡನೆ ತಮ್ಮದೆಂದು ಗುರುತಿಸುತ್ತಾರೆ. ಇನ್ನು ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್. 'ಸಂಸ್ಕಾರ' ಸಿನಿಮಾದ ಕಲಾನಿರ್ದೇಶಕರಾಗಿ ಕನ್ನಡಿಗರಿಗೆ ಪರಿಚಿತರು. 1966ರಲ್ಲಿ ಚೆನ್ನೈ ಹತ್ತಿರ ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ ಎದ್ದ ಚೋಳಮಂಡಲ ಕಲಾವಿದರ ಹಳ್ಳಿಯ ಮೊದಲ ಸದಸ್ಯರಲ್ಲಿ ಅವರೂ ಒಬ್ಬರು. ಬಟ್ಟೆಯ ಮೇಲೆ ಬಾಟಿಕ್ ಮಾಡಿ ಮಾರಿ, ಅದರಿಂದ ಹೊಟ್ಟೆ ಹೊರೆದು, ಉಳಿದ ಹೊತ್ತಿನಲ್ಲಿ ತಮ್ಮಿಷ್ಟದ ಚಿತ್ರ ಬರೆದ ತಂಡ ಅದು. ಜನ ಕೊಂಡ ಒಂದೊಂದು ಬಾಟಿಕ್ ಬಟ್ಟೆಯೂ ಆ ಚಿತ್ರಗಳ ಹಿಂದೆ ನಿಂತಿದೆ.

ಮೊದಲ ಚಿತ್ರ ಕೊಳ್ಳುವ ಮುಂಚೆ ಕಣ್ಣು ಪಳಗಬೇಕು, ಅದಕ್ಕೆ ಹೆಚ್ಚು ದುಡ್ಡು ಬೇಕಾಗಿಲ್ಲ. ಕಬ್ಬನ್ ಉದ್ಯಾನದ ವೆಂಕಟಪ್ಪ ಕಲಾ ಗ್ಯಾಲರಿ, 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, 2023ರಲ್ಲಿ ಕಸ್ತೂರ್ಬಾ ರಸ್ತೆಯಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರ ವಸ್ತುಸಂಗ್ರಹಾಲಯ, ಹೀಗೆ ನೋಡುವ ಜಾಗಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ಹೋಗಿ ಎಲ್ಲವನ್ನೂ ನೋಡಲು ಹೊರಡಬೇಡಿ. ಮೂರು ಚಿತ್ರ ಸಾಕು. ಒಂದೊಂದರ ಮುಂದೆ ಕಾಲು ನೋಯುವಷ್ಟು ನಿಲ್ಲಿ. ಯಾವ ಬಣ್ಣ ಮೊದಲು ಕಣ್ಣಿಗೆ ಬಿತ್ತು, ಯಾವುದು ತಡವಾಗಿ ಕಂಡಿತು ಎಂದು ಗಮನಿಸಿ. ಸಂತೆಯಲ್ಲಿ ಮೊದಲು ಕೂಗಿ ಕರೆಯುವ ಚಿತ್ರಗಳು ಬಹಳ. ತಡವಾಗಿ ಕಾಣುವ ಬಣ್ಣ ಇರುವ ಚಿತ್ರವೇ ಮನೆಯಲ್ಲಿ ಹೆಚ್ಚು ಕಾಲ ಬಾಳುತ್ತದೆ ಎಂಬುದು ನನ್ನ ಅನುಭವ.

ನಮ್ಮ ನಡುಮನೆಯಲ್ಲಿರುವುದು ಅಂಥದೊಂದು. ಉತ್ತರ ಕರ್ನಾಟಕದ ಕಡೆಯ ವಿದ್ಯಾರ್ಥಿಯೊಬ್ಬನ ಕೆಲಸ. ಜಾತ್ರೆಯ ಸಂಜೆ, ಬೆಂಡು ಬತ್ತಾಸಿನ ಅಂಗಡಿಗಳ ಸಾಲು, ಹಿಂದೆ ತೇರಿನ ಗಾಲಿಯ ಒಂದು ಭಾಗ ಮಾತ್ರ. ಬಣ್ಣವನ್ನು ಕುಂಚದಿಂದ ಹಚ್ಚದೆ ಪ್ಯಾಲೆಟ್ ಚಾಕುವಿನಿಂದ ಎಳೆದಿದ್ದಾನೆ. ಅಂಗಡಿಯ ಛಾವಣಿಯ ಕಿತ್ತಳೆ ಬೆರಳಿನ ಉಗುರಿನಷ್ಟು ಎತ್ತರಕ್ಕೆ ಎದ್ದು ನಿಂತಿದೆ. ಪಕ್ಕದಿಂದ ಬೆಳಕು ಬಿದ್ದರೆ ಆ ಏಣುಗಳಿಗೆ ತಮ್ಮದೇ ನೆರಳಿದೆ. ಆಕಾಶದ ನೀಲಿಯನ್ನು ಒಂದು ಹಳೆಯ ಗುಲಾಬಿಯ ಮೇಲೆ ಹಚ್ಚಿದ್ದಾನೆ. ಮೇಲಿನ ಎಡಮೂಲೆಯಲ್ಲಿ ಚಾಕು ಜಾರಿದ ಕಡೆ ಆ ಗುಲಾಬಿ ಕೂದಲೆಳೆಯಷ್ಟು ಇಣುಕುತ್ತದೆ. ಕೊಂಡು ತಂದು ಬಹುದಿನಗಳಾದ ಮೇಲೆ ನನಗದು ಕಂಡಿದ್ದು. ಕಂಡ ಮೇಲೆ ಇಡೀ ಆಕಾಶವೇ ಬೇರೆಯಾಯಿತು. ನೀಲಿಯ ಕೆಳಗೆ ಎಲ್ಲ ಕಡೆಯೂ ಅದು ಬೆಚ್ಚಗೆ ಇದೆ ಎಂದು ಗೊತ್ತಾಯಿತು.

ಮುಸ್ಸಂಜೆ ದೀಪ ಹಾಕುವ ಮುಂಚಿನ ಹತ್ತು ನಿಮಿಷ ಈ ಚಿತ್ರ ಇನ್ನೊಂದೇ ಆಗುತ್ತದೆ. ಹಗಲಿಡೀ ಮೆರೆದ ಕಿತ್ತಳೆ, ಕೆಂಪುಗಳು ಮೊದಲು ಕಂದುತ್ತವೆ. ಅಲ್ಲಿಯವರೆಗೆ ಹಿಂದೆ ಇದ್ದ ನೀಲಿ ಮುಂದೆ ಬಂದು ಮಿನುಗುತ್ತದೆ. ಇದಕ್ಕೆ ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಬೆಳಕು ಕಡಿಮೆಯಾದಾಗ ನೋಟದ ಕೆಲಸವನ್ನು ಬೇರೆ ಬಗೆಯ ಕೋಶಗಳು ವಹಿಸಿಕೊಳ್ಳುತ್ತವೆ. ಅವಕ್ಕೆ ಕೆಂಪು ಹೆಚ್ಚುಕಡಿಮೆ ಕಾಣುವುದೇ ಇಲ್ಲ, ನೀಲಿ-ಹಸಿರು ಚೆನ್ನಾಗಿ ಕಾಣುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಇದನ್ನು ಗುರುತಿಸಿದ್ದರಿಂದ ಅವರ ಹೆಸರೇ ಇದಕ್ಕೆ ನಿಂತಿದೆ. ಮ್ಯೂಸಿಯಮ್ಮಿನಲ್ಲಿ ದೀಪಗಳು ದಿನವಿಡೀ ಒಂದೇ ಹದದಲ್ಲಿ ಉರಿಯುವುದರಿಂದ ಅಲ್ಲಿ ಈ ಬದಲಾವಣೆ ಕಾಣಸಿಗುವುದಿಲ್ಲ. ಚಿತ್ರದ ಜೊತೆ ಬಾಳುವವರಿಗೆ ಮಾತ್ರ ಸಿಗುವ ಭಾಗ್ಯ ಇದು.

ದೀಪ ಹಾಕಿದ ಮೇಲಿನ ಮಾತು ಬೇರೆ. ಬಿಳಿ ಟ್ಯೂಬ್‌ಲೈಟಿನ ಬೆಳಕು ಹಳದಿ, ಕೆಂಪುಗಳ ಜೀವ ಹಿಂಡುತ್ತದೆ. ಚಿತ್ರದ ಮೇಲೆ ಬೀಳುವಂತೆ ಒಂದು ಬೆಚ್ಚನೆಯ ಎಲ್‌ಇಡಿ ಹಾಕಿಸುವುದಾದರೆ ಅಂಗಡಿಯಲ್ಲಿ ಸಿಆರ್‌ಐ ತೊಂಬತ್ತಕ್ಕಿಂತ ಮೇಲಿರುವುದನ್ನು ಕೇಳಿ ತನ್ನಿ. ಬಣ್ಣಗಳನ್ನು ಅವು ಇರುವಂತೆಯೇ ತೋರಿಸುವ ಶಕ್ತಿಯ ಅಳತೆ ಅದು. ಬಿಸಿಲು ಮಾತ್ರ ಚಿತ್ರಕ್ಕೆ ನೇರವಾಗಿ ತಾಗಕೂಡದು. ಮ್ಯೂಸಿಯಮ್ಮಿನವರು ಜಲವರ್ಣಕ್ಕೆ 50 ಲಕ್ಸ್, ತೈಲವರ್ಣಕ್ಕೆ 200 ಲಕ್ಸ್ ಆಸುಪಾಸಿನ ಬೆಳಕು ಸಾಕೆನ್ನುತ್ತಾರೆ. ನಮ್ಮ ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಮುಟ್ಟುತ್ತದೆ! ವ್ಯಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಗೋಡೆಗಳು ನೇರಳೆ ಬಣ್ಣದವಾಗಿದ್ದವು. ಅದರೊಳಗಿನ ಕೆಂಪು ಕಾಲಕ್ರಮೇಣ ಹಾರಿಹೋಗಿ ಈಗ ನಾವು ನೀಲಿ ಗೋಡೆ ನೋಡುತ್ತೇವೆ. ಕೊಳ್ಳುವಾಗ ಯಾವ ದರ್ಜೆಯ ಬಣ್ಣ ಬಳಸಿದ್ದೀರಿ ಎಂದು ಕಲಾವಿದರನ್ನು ಕೇಳುವುದರಲ್ಲಿ ತಪ್ಪೇನಿಲ್ಲ. ಒಳ್ಳೆಯ ಬಣ್ಣ ಬಳಸಿದವರು ಖುಷಿಯಿಂದ ಹೇಳುತ್ತಾರೆ. ಫ್ಲೋರೊಸೆಂಟ್ ಗುಲಾಬಿ, ಹಸಿರುಗಳು ಎಷ್ಟೇ ಮಿಂಚಿದರೂ ಬೇಗ ಬಾಡುವ ಬಣ್ಣಗಳೆಂಬುದು ನೆನಪಿರಲಿ.

ತೂಗುಹಾಕುವುದರಲ್ಲಿ ನಾವೆಲ್ಲ ಎತ್ತರಕ್ಕೆ ಹೋಗಿಬಿಡುತ್ತೇವೆ. ದೇವರ ಪಟ, ಹಿರಿಯರ ಫೋಟೋ ಬಾಗಿಲ ಮೇಲೆ ಹಾಕಿ ಅಭ್ಯಾಸವಾದ ಕೈ. ಚಿತ್ರದ ನಡುಭಾಗ ನೆಲದಿಂದ ಐದಡಿಯ ಆಸುಪಾಸಿನಲ್ಲಿ, ಅಂದರೆ ನಿಂತವರ ಕಣ್ಣಿಗೆ ಸಮನಾಗಿ ಬಂದರೆ ಚೆಂದ. ಕೂತೇ ನೋಡುವ ಜಾಗವಾದರೆ ಇನ್ನೂ ಕೆಳಗಿಳಿಸಿ. ಬಾಡಿಗೆ ಮನೆಯವರಿಗೆ ಮೊಳೆಯ ಚಿಂತೆ. ಮಾಲೀಕರು ಒಂದೇ ಒಂದು ಸಾಲಿನಲ್ಲಿ ಡ್ರಿಲ್ ಮಾಡಲು ಒಪ್ಪಿದರೆ ಗೋಡೆಯುದ್ದಕ್ಕೂ ಒಂದು ಪಟ್ಟಿ ಹಾಕಿಸಿ, ಅದರಿಂದ ತಂತಿ ಇಳಿಬಿಟ್ಟು ಎಷ್ಟು ಚಿತ್ರವನ್ನಾದರೂ ಹಾಕಬಹುದು, ಬದಲಿಸಬಹುದು. ಅದಕ್ಕೂ ಒಪ್ಪದಿದ್ದರೆ ಪುಸ್ತಕದ ಕಪಾಟಿನ ಮೇಲೆ ಗೋಡೆಗೆ ಒರಗಿಸಿಡಿ. ಒರಗಿ ನಿಂತ ಚಿತ್ರಕ್ಕೆ ಈಗಷ್ಟೇ ಬಂದ ನೆಂಟರ ಸಲಿಗೆ ಇರುತ್ತದೆ. ಎರಡು ಗಾಢ ಬಣ್ಣದ ಚಿತ್ರಗಳನ್ನು ಒತ್ತೊತ್ತಾಗಿ ಹಾಕಿದರೆ ಎರಡೂ ಸೊರಗುತ್ತವೆ. ನಡುವೆ ಬರೀ ಗೋಡೆ ಕಾಣಲಿ.

ಕರಾವಳಿ, ಮಲೆನಾಡಿನವರಿಗೆ ಮಳೆಗಾಲವೇ ದೊಡ್ಡ ಪರೀಕ್ಷೆ. ಗಾಳಿಯ ತೇವ ಏರಿದರೆ ಕಾಗದದ ಮೇಲೆ ಬೂಷ್ಟು ಹಿಡಿಯುತ್ತದೆ. ಕಂದು ಚುಕ್ಕೆಗಳಾದವೆಂದರೆ ತೆಗೆಯುವುದು ಪರಿಣತರಿಗೂ ಕಷ್ಟ. ಮಳೆಯ ಇರಚಲು ಹೊಡೆಯುವ ಹೊರಗೋಡೆಗೆ, ಬಚ್ಚಲಿನ ಬೆನ್ನಿಗಿರುವ ಗೋಡೆಗೆ ಚಿತ್ರ ಬೇಡ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬೆಂಡಿನ ಸಣ್ಣ ತುಂಡು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ಕಾಗದದ ಮೇಲಿನ ಚಿತ್ರಕ್ಕೆ ಗಾಜು ಬೇಕು, ಆದರೆ ಗಾಜು ಬಣ್ಣಕ್ಕೆ ತಾಗಬಾರದು. ಅದಕ್ಕೇ ನಡುವೆ ಮೌಂಟ್ ಹಾಕುವುದು. ಆ ಮೌಂಟ್ ಆಮ್ಲರಹಿತ ಬೋರ್ಡಿನದಾಗಿರಲಿ ಎಂದು ಫ್ರೇಮ್ ಅಂಗಡಿಯವರಿಗೆ ಒತ್ತಿ ಹೇಳಿ. ಸಾಮಾನ್ಯ ರಟ್ಟು ಕೆಲವೇ ವರ್ಷದಲ್ಲಿ ಕಾಗದದ ಅಂಚನ್ನು ಹಳದಿ ಮಾಡುತ್ತದೆ. ಕ್ಯಾನ್ವಾಸಿಗೆ ಗಾಜು ಬೇಕಿಲ್ಲ. ದೂಳನ್ನು ಒಣಗಿದ ಮೆತ್ತನೆಯ ಕುಂಚದಿಂದ ಕೊಡವಿದರೆ ಸಾಕು. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಮನೆ ಬದಲಿಸುವಾಗ ಗುಳ್ಳೆ ಪ್ಲಾಸ್ಟಿಕ್ಕನ್ನು ನೇರ ಬಣ್ಣದ ಮೇಲೆ ಸುತ್ತಿದರೆ ಅಕ್ರಿಲಿಕ್ಕಿನ ಮೇಲೆ ಗುಳ್ಳೆಯ ಗುರುತು ಉಳಿಯುತ್ತದೆ, ನಡುವೆ ಬೆಣ್ಣೆ ಕಾಗದ ಇರಲಿ. ಕ್ಯಾನ್ವಾಸನ್ನು ಸುರುಳಿ ಸುತ್ತಲೇಬೇಕಾಗಿ ಬಂದರೆ ಬಣ್ಣದ ಬದಿ ಹೊರಗೆ ಬರಬೇಕು, ಒಳಗೆ ಹಾಕಿದರೆ ಬಣ್ಣ ಮಡಚಿ ಬಿರಿಯುತ್ತದೆ. ಹೊಸ ತೈಲವರ್ಣ ಒಳಗಿನಿಂದ ಪೂರ್ತಿ ಒಣಗಲು ಆರು ತಿಂಗಳಿಂದ ವರ್ಷ ಬೇಕು. ಮುಟ್ಟಿದರೆ ಒಣಗಿದೆ ಅನ್ನಿಸಿದರೂ ಸುತ್ತಿಡುವ ಆತುರ ಬೇಡ.

ಚೌಕಾಸಿಯ ಮಾತನ್ನೂ ಆಡಿಬಿಡಬೇಕು. ಸಂತೆ ಎಂದ ಮೇಲೆ ಚೌಕಾಸಿ ಇದ್ದದ್ದೇ. ಹಾಗೆಂದು ಸೊಪ್ಪಿನವರ ಹತ್ತಿರ ಮಾಡಿದಂತೆ ಅರ್ಧಕ್ಕರ್ಧ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಸೊಪ್ಪಿನವರ ಹತ್ತಿರ ಮಾಡುವುದೂ ಸರಿಯಲ್ಲ. ಎದುರಿಗೆ ನಿಂತವರು ಕ್ಯಾನ್ವಾಸು, ಬಣ್ಣದ ಟ್ಯೂಬು, ಚೌಕಟ್ಟು, ಬಸ್ ಚಾರ್ಜು, ರಾತ್ರಿ ಉಳಿದ ಕೋಣೆಯ ಬಾಡಿಗೆ ಎಲ್ಲವನ್ನೂ ಈ ಒಂದು ದಿನದಲ್ಲೇ ಹುಟ್ಟಿಸಿಕೊಳ್ಳಬೇಕು. ಬೆಲೆ ಹೆಚ್ಚೆನಿಸಿದರೆ ಅದೇ ಕಲಾವಿದರ ಸಣ್ಣ ಕೃತಿ ಕೇಳಿ. ಅಚ್ಚಿನ ಕೃತಿ ಇದೆಯೇ ಕೇಳಿ. ಕಲಾವಿದರೇ ತಗಡು, ಕಲ್ಲು, ರೇಷ್ಮೆಪರದೆಯಿಂದ ಕೈಯಾರೆ ತೆಗೆದ ಎಚಿಂಗ್, ಸೆರಿಗ್ರಾಫ್‌ಗಳ ಕೆಳಗೆ ಪೆನ್ಸಿಲಿನಲ್ಲಿ 12/50 ಎಂಬಂತೆ ಬರೆದಿರುತ್ತಾರೆ. ಒಟ್ಟು ಐವತ್ತು ಪ್ರತಿ ತೆಗೆದಿದ್ದಾರೆ, ಇದು ಹನ್ನೆರಡನೆಯದು ಎಂದರ್ಥ. ಮೂಲಕೃತಿಯ ಎಲ್ಲ ಗುಣವೂ ಇರುವ ಅವು ಕ್ಯಾನ್ವಾಸಿಗಿಂತ ಎಷ್ಟೋ ಕಡಿಮೆಗೆ ಸಿಗುತ್ತವೆ. ಕಂಪ್ಯೂಟರಿನಿಂದ ತೆಗೆದ ಪ್ರತಿಯನ್ನೇ ಮೂಲವೆಂದು ಮಾರುವವರೂ ಇರಬಹುದು, ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿ. ಬಣ್ಣಕ್ಕೆ ಮೈಯಿದ್ದರೆ ಕಾಣುತ್ತದೆ.

ಕೊಂಡ ಮೇಲೆ ಕಲಾವಿದರ ಹೆಸರು, ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ ಬರೆದ ರಸೀದಿ ಕೇಳಿ ಪಡೆಯಿರಿ. ಚಿತ್ರದ ಹಿಂಬದಿಯಲ್ಲೂ ಅವರಿಂದಲೇ ಬರೆಸಿಕೊಳ್ಳಿ. ಅವರ ಕೈಬರಹಕ್ಕೆ ಮುಂದೆ ಬೆಲೆ ಬರುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿದಿಲ್ಲ. ಸಂತೆಯಲ್ಲಿ ಸಿದ್ಧ ಚಿತ್ರ ಕೊಂಡರೆ ಆ ವಸ್ತು ನಿಮ್ಮದಾಗುತ್ತದೆ, ಅದರ ಹಕ್ಕುಸ್ವಾಮ್ಯ ಕಲಾವಿದರಲ್ಲೇ ಉಳಿಯುತ್ತದೆ. ಮಗಳ ಮದುವೆಯ ಕರೆಯೋಲೆಗೆ, ಅಂಗಡಿಯ ಕ್ಯಾಲೆಂಡರಿಗೆ ಅದನ್ನು ಅಚ್ಚು ಹಾಕಿಸಬೇಕಾದರೆ ಅವರ ಒಪ್ಪಿಗೆ ಪಡೆಯಬೇಕು. 1957ರ ಕಾಯ್ದೆ ಕಲಾವಿದರಿಗೆ ಇನ್ನೂ ಒಂದು ರಕ್ಷಣೆ ಕೊಟ್ಟಿದೆ: ಅವರ ಹೆಸರಿಗೆ ಕುಂದು ಬರುವಂತೆ ಕೃತಿಯನ್ನು ತಿದ್ದುವಂತಿಲ್ಲ, ವಿರೂಪಗೊಳಿಸುವಂತಿಲ್ಲ. ಮುಂದೊಂದು ದಿನ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ ಆ ಹಣದಲ್ಲಿ ಕಲಾವಿದರಿಗೂ ಪಾಲು ಸಲ್ಲಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕಾಗದದ ಮೇಲಿರುವ ಈ ಪಾಲು ಕೈಗೆ ಬಂದ ಕಲಾವಿದರ ಸಂಖ್ಯೆ ಹೆಚ್ಚಾಗಲಿ ಎಂಬುದು ನನ್ನ ಆಸೆ.

ಸೋಫಾಕ್ಕೆ ಹೊಂದುವ ಬಣ್ಣ ಹುಡುಕಿಕೊಂಡು ಬರುವವರು ಸಂತೆಯಲ್ಲಿ ತುಂಬ ಸಿಗುತ್ತಾರೆ, ಮೊಬೈಲಿನಲ್ಲಿ ಪರದೆಯ ಫೋಟೋ ಹಿಡಿದು. ಅವರನ್ನು ತಡೆದು ಹೇಳಬೇಕೆನಿಸುತ್ತದೆ: ಸೋಫಾ ಹತ್ತು ವರ್ಷಕ್ಕೆ ಹೋಗುತ್ತದೆ, ಚಿತ್ರ ನಿಮ್ಮ ಮೊಮ್ಮಕ್ಕಳ ಮನೆಗೆ ಹೋಗುತ್ತದೆ. ಮನೆಗೆ ಬಂದವರು "ಇದರ ಅರ್ಥವೇನು?" ಎಂದು ಕೇಳುವುದು ಖಂಡಿತ. ಅರ್ಥ ಹೇಳಲು ಹೋಗಬೇಡಿ, ನಿಮಗೆ ಇಷ್ಟವಾದ ಒಂದು ಜಾಗವನ್ನು ಬೆರಳಿಟ್ಟು ತೋರಿಸಿ. ನಮ್ಮ ಪಕ್ಕದ ಮನೆಯ ಅಜ್ಜಿ ಜಾತ್ರೆಯ ಚಿತ್ರದಲ್ಲಿ ನನಗೆ ಕಾಣದ ಒಂದು ಸಂಗತಿ ಕಂಡರು. "ಅಂಗಡಿಯವ ಇನ್ನೂ ದೀಪ ಹಚ್ಚಿಲ್ಲ, ಎಣ್ಣೆ ಉಳಿಸ್ತಿದಾನೆ" ಅಂದರು. ಈಗ ಆ ಅಂಗಡಿಯನ್ನು ನೋಡಿದಾಗಲೆಲ್ಲ ಆ ಎಣ್ಣೆಯೇ ನೆನಪಾಗುತ್ತದೆ. ಮಕ್ಕಳು ಇನ್ನೂ ಸಲೀಸು. ಅವರಿಗೆ ಬರೀ ಬಣ್ಣದ ಚಿತ್ರವೇ ಹೆಚ್ಚು ಪ್ರೀತಿ, ಅದರಲ್ಲಿ ಏನು ಬೇಕಾದರೂ ಇರಬಹುದಲ್ಲ.

ಬೆಂಗಳೂರಿಗೆ ಬರಲಾಗದವರು ಸಂತೆಗೇ ಕಾಯಬೇಕಿಲ್ಲ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು, ದಾವಣಗೆರೆಯ ದೃಶ್ಯಕಲಾ ಕಾಲೇಜು, ಧಾರವಾಡ, ಕಲಬುರ್ಗಿಯ ಕಲಾಶಾಲೆಗಳಲ್ಲಿ ವರ್ಷದ ಕೊನೆಗೆ ವಿದ್ಯಾರ್ಥಿಗಳ ಕೆಲಸ ಗೋಡೆ ಏರುವ ದಿನಗಳಿರುತ್ತವೆ. ಪರೀಕ್ಷೆಗೆಂದು ಮೈಮುರಿದು ಮಾಡಿದ ಆ ಚಿತ್ರಗಳು ಆಮೇಲೆ ಹಾಸ್ಟೆಲಿನ ಮೂಲೆಗೆ ಸೇರುವುದೇ ಹೆಚ್ಚು. ಯಾರಾದರೂ ಬಂದು ಬೆಲೆ ಕೇಳಿದರೆ ಎಷ್ಟು ಹೇಳಬೇಕೆಂದು ತಿಳಿಯದೆ ಅವರು ಮೇಷ್ಟ್ರ ಮುಖ ನೋಡುತ್ತಾರೆ. ಹೋಗುವ ಮುಂಚೆ ಮನೆಯ ಗೋಡೆಯ ಅಗಲ, ಎತ್ತರ ಅಳೆದುಕೊಂಡು ಹೋಗಿ, ಒಂದು ಹಳೆಯ ಮೆತ್ತನೆಯ ಬೆಡ್‌ಶೀಟು, ದಾರ ಜೊತೆಗಿರಲಿ. ಚಿತ್ರ ಸಿಕ್ಕರೆ ಸುತ್ತಿಕೊಂಡು ಬರಲು ಬೇಕಾಗುತ್ತದೆ.